ಪಾರ್ಕ್‌ನಲ್ಲಿ ಇಡೀ ದಿನ: ಮನೆಮಂದಿಯೆಲ್ಲ ಇಷ್ಟಪಟ್ಟು ಕುಡಿಯುವಂಥ ನೀರು ಒಯ್ಯುವುದು ಹೇಗೆ?

ರಜೆ ಬಂದರೆ ಸಾಕು, ಮೈಸೂರು ಮಂಡ್ಯದ ಕಡೆಯ ಮನೆಗಳಲ್ಲಿ ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್‌ಗೋ ಬಿಡದಿಯ ವಂಡರ್‌ಲಾಗೋ ಹೊರಡುವ ಸಡಗರ. ಬೆಳಿಗ್ಗೆ ಬ್ಯಾಗ್ ತುಂಬ ನೀರು ಹೋಗುತ್ತದೆ. ಸಂಜೆ ಅರ್ಧಕ್ಕಿಂತ ಜಾಸ್ತಿ ಹಾಗೇ ವಾಪಸ್ ಬರುತ್ತದೆ. ಮಗುವಿಗೆ ತಲೆನೋವು, ಅಜ್ಜಿಗೆ ಕಾಲು ಸೆಳೆತ, ರಾತ್ರಿ ಊಟ ಯಾರಿಗೂ ಬೇಡ.

ನೀರು ಇರಲಿಲ್ಲ ಅಂತಲ್ಲ. ಇತ್ತು, ಕುಡಿಯುವ ಹಾಗಿರಲಿಲ್ಲ. ಬಿಸಿಲಿಗೆ ಬೆಚ್ಚಗಾಗಿತ್ತು, ಪ್ಲಾಸ್ಟಿಕ್ ವಾಸನೆ ಹೊಡೆಯುತ್ತಿತ್ತು, ಇಲ್ಲವೇ ಲಾಕರ್ ಒಳಗೆ ಬೀಗ ಹಾಕಿ ಕೂತಿತ್ತು. "ಜಾಸ್ತಿ ನೀರು ಕುಡಿಯಿರಿ" ಅಂತ ಎಲ್ಲರೂ ಹೇಳುತ್ತಾರೆ. ಬಾಯಿಗೆ ರುಚಿಸದ ನೀರನ್ನು ಮಕ್ಕಳು ಎಷ್ಟು ಹೇಳಿದರೂ ಕುಡಿಯುವುದಿಲ್ಲ, ದೊಡ್ಡವರೂ ಅಷ್ಟೇ. ಅದಕ್ಕೇ ಇಲ್ಲಿ ಕ್ರಮ ಮುಖ್ಯ. ರುಚಿಯ ಕೆಲಸ ಹಿಂದಿನ ರಾತ್ರಿಯೇ ಮುಗಿಯಬೇಕು. ಪಾರ್ಕ್‌ನಲ್ಲಿ ಹೊತ್ತು ಹೊತ್ತಿಗೆ ಕುಡಿಯುವುದೊಂದೇ ಉಳಿಯಬೇಕು.

## ಬೇಕಾಗುವ ಸಾಮಾನು

ಒಬ್ಬೊಬ್ಬರಿಗೂ ಒಂದೊಂದು ಸ್ಟೀಲ್ ಬಾಟಲ್. ಅದರಲ್ಲಿ ಕನಿಷ್ಠ ಎರಡು, ತಂಪು ಹಿಡಿದಿಡುವ ಎರಡು ಪದರದ ಬಾಟಲ್ ಆಗಿರಲಿ. ಅಡುಗೆ ಸೋಡಾ, ಬಾಟಲ್ ತೊಳೆಯುವ ಉದ್ದ ಬ್ರಷ್, ಒಂದು ಟೂತ್‌ಪಿಕ್. ಅಗಲ ಬಾಯಿಯ ಸ್ಟೀಲ್ ಪಾತ್ರೆ, ತೆಳು ಹತ್ತಿ ಬಟ್ಟೆ. ಔಷಧಿ ಅಂಗಡಿಯಿಂದ ಎರಡು ಓಆರ್‌ಎಸ್ (ನೀರಿನಲ್ಲಿ ಕರಗಿಸಿ ಕುಡಿಯುವ ಉಪ್ಪು-ಸಕ್ಕರೆ) ಪುಡಿ ಪ್ಯಾಕೆಟ್. ಉಪ್ಪು ಹಾಕಿದ ಯಾವುದಾದರೂ ಕುರುಕಲು. ಬಾಟಲ್ ಮೇಲೆ ಹೆಸರು ಬರೆಯಲು ಮಾರ್ಕರ್.

ತಾಮ್ರದ ಬಾಟಲ್ ಇದ್ದರೆ ಬರೀ ನೀರಿಗೆ ಮಾತ್ರ ಬಳಸಿ. ನಿಂಬೆರಸ, ಮಜ್ಜಿಗೆ, ಪಾನಕ ಇದ್ಯಾವುದನ್ನೂ ಅದರಲ್ಲಿ ಹಾಕಬೇಡಿ. ಹುಳಿ ತಾಮ್ರವನ್ನು ಕರಗಿಸುತ್ತದೆ, ಕುಡಿದವರಿಗೆ ಹೊಟ್ಟೆ ತೊಳಸಿ ವಾಂತಿಯಾಗಬಹುದು.

## ಹಂತ 1. ಎರಡು ದಿನ ಮೊದಲು: ಬಾಟಲ್‌ನ ವಾಸನೆ ತೆಗೆಯಿರಿ

ನೀರು ಎಷ್ಟೇ ಒಳ್ಳೆಯದಿದ್ದರೂ ಬಾಟಲ್ ವಾಸನೆಯದಾದರೆ ಮುಗಿಯಿತು. ಪರೀಕ್ಷೆ ಸುಲಭ. ಬಾಟಲ್‌ಗೆ ಬಿಸಿನೀರು ಹಾಕಿ, ಮುಚ್ಚಳ ಬಿಗಿದು, ಹತ್ತು ನಿಮಿಷ ಬಿಟ್ಟು ತೆಗೆದು ಮೂಸಿ ನೋಡಿ. ತಣ್ಣಗಿರುವಾಗ ಗೊತ್ತಾಗದ ವಾಸನೆ ಬಿಸಿಗೆ ಎದ್ದು ಬರುತ್ತದೆ. ಮಧ್ಯಾಹ್ನ ಎರಡು ಗಂಟೆ ಬಿಸಿಲಲ್ಲಿ ನಿಮ್ಮ ಮಗುವಿನ ಮೂಗಿಗೆ ಬಡಿಯುವುದು ಇದೇ ವಾಸನೆ.

ಬಹುತೇಕ ಸಲ ತಪ್ಪು ಬಾಟಲ್‌ನದ್ದಲ್ಲ, ಮುಚ್ಚಳದ ಒಳಗಿನ ರಬ್ಬರ್ ಬಳೆಯದು. ಮುಚ್ಚಳ ತಿರುಗಿಸಿ ನೋಡಿ. ಬೆಳ್ಳಗೆ ಇಲ್ಲವೇ ಪಾರದರ್ಶಕವಾಗಿ ಒಂದು ಸಿಲಿಕಾನ್ ಬಳೆ ಸಂದಿಯಲ್ಲಿ ಕೂತಿರುತ್ತದೆ. ಟೂತ್‌ಪಿಕ್ ತುದಿಯನ್ನು ಅದರ ಅಡಿಗೆ ತೂರಿಸಿ ಮೆಲ್ಲಗೆ ಎತ್ತಿ. ದಿನಾ ತೊಳೆಯುವ ಬಾಟಲ್ ಆದರೂ ಆ ಸಂದಿಯಲ್ಲಿ ಕಪ್ಪಗೆ ಲೋಳೆ ಕಟ್ಟಿರುತ್ತದೆ, ಯಾಕೆಂದರೆ ಬ್ರಷ್ ಅಲ್ಲಿಗೆ ಹೋಗುವುದೇ ಇಲ್ಲ. ಬಳೆಯನ್ನು ನೀರಲ್ಲಿ ಹಾಕಿ ಐದು ನಿಮಿಷ ಕುದಿಸಿ. ಸಂದಿಯನ್ನು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ಬಳೆ ಸೀಳಿದ್ದರೆ, ಅಂಟಂಟಾಗಿದ್ದರೆ, ಆ ಮುಚ್ಚಳ ಬೇಡ.

ಬಾಟಲ್ ಒಳಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ಬಿಸಿನೀರು ತುಂಬಿ. ಮುಚ್ಚಳ ಹಾಕದೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬ್ರಷ್ ಹಾಕಿ ಉಜ್ಜಿ, ಮೂರು ನಾಲ್ಕು ಸಲ ತೊಳೆದು, ಬೋರಲು ಹಾಕಿ ಪೂರ್ತಿ ಒಣಗಿಸಿ. ಒದ್ದೆ ಬಾಟಲ್‌ಗೆ ಮುಚ್ಚಳ ಹಾಕಿಟ್ಟರೆ ವಾಸನೆ ಮತ್ತೆ ಬರುತ್ತದೆ.

ಇಲ್ಲಿ ಎರಡು ತಪ್ಪು ಮಾಡಬೇಡಿ. ಸೋಡಾ ಮತ್ತು ವಿನೆಗರ್ ಒಟ್ಟಿಗೆ ಹಾಕಿ ಮುಚ್ಚಳ ಬಿಗಿಯಬೇಡಿ, ಒಳಗೆ ಗ್ಯಾಸ್ ತುಂಬಿ ಮುಚ್ಚಳ ಸಿಡಿಯುತ್ತದೆ. ಬ್ಲೀಚಿಂಗ್ ಪುಡಿ ಹಾಕಬೇಡಿ, ಸ್ಟೀಲ್ ಮೇಲೆ ಚುಕ್ಕೆ ಚುಕ್ಕೆ ತುಕ್ಕು ಹಿಡಿಯುತ್ತದೆ.

ಮಕ್ಕಳ ಸಿಪ್ಪರ್ ಬಾಟಲ್‌ನ ಸ್ಟ್ರಾ ಒಳಗೆ ತೊಳೆಯಲು ಸಣ್ಣ ಬ್ರಷ್ ಇಲ್ಲದಿದ್ದರೆ ಆ ಬಾಟಲನ್ನು ಮನೆಯಲ್ಲೇ ಬಿಡಿ.

## ಹಂತ 2. ಹಿಂದಿನ ದಿನ: ನಿಮ್ಮ ಮನೆ ನೀರಿನ ದೋಷ ಯಾವುದು ಅಂತ ಪತ್ತೆ ಮಾಡಿ

ಒಂದು ಲೋಟಕ್ಕೆ ನೀರು ಹಿಡಿದು, ತಟ್ಟೆ ಮುಚ್ಚಿ, ಹತ್ತು ನಿಮಿಷ ಬಿಟ್ಟು ಮೂಸಿ, ಆಮೇಲೆ ಒಂದು ಗುಟುಕು ಕುಡಿದು ನೋಡಿ. ಹೆಚ್ಚಿನ ಮನೆಗಳಲ್ಲಿ ಈ ಮೂರರಲ್ಲಿ ಒಂದು ಸಿಗುತ್ತದೆ.

ಕ್ಲೋರಿನ್ ವಾಸನೆ. ಮೈಸೂರಿಗೆ ಕಾವೇರಿ, ಕಬಿನಿ ಎರಡೂ ನದಿಗಳ ನೀರು ಬರುತ್ತದೆ. ಶುದ್ಧ ಮಾಡಿ ಬಿಡುವ ನಲ್ಲಿ ನೀರಿನಲ್ಲಿ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ ಕುಡಿಯುವ ನೀರಿಗಾಗಿ ಇರುವ ಭಾರತದ ಐಎಸ್ 10500 ಮಾನದಂಡ ಹೇಳುತ್ತದೆ. ಅಂದರೆ ಸಣ್ಣ ವಾಸನೆ ಬಂದರೆ ಗಾಬರಿ ಬೇಡ, ಅದು ರೋಗಾಣು ಕೊಲ್ಲಲು ಇರುವಂಥದ್ದು. ಒಯ್ಯುವ ಮುಂಚೆ ತೆಗೆದರಾಯಿತು.

ಗಡಸು, ಉಪ್ಪು ರುಚಿ. ಮಂಡ್ಯ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ, ಮೈಸೂರಿನ ಹೊರವಲಯದ ಬಡಾವಣೆಗಳಲ್ಲಿ ಬೋರ್‌ವೆಲ್ ನೀರೇ ಗತಿ. ಸೋಪು ನೊರೆ ಬರುವುದಿಲ್ಲ, ಬಕೆಟ್ ಅಂಚಿಗೆ ಬೆಳ್ಳಗೆ ಪಟ್ಟಿ ಕಟ್ಟುತ್ತದೆ, ಅಲ್ವಾ? ಅದೇ ನೀರು ಇದು. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಪೆನ್ನಿನಂಥ ಟಿಡಿಎಸ್ ಮೀಟರ್ ಇದ್ದರೆ ಅದ್ದಿ ನೋಡಿ. ಮಾನದಂಡದ ಪ್ರಕಾರ ಲೀಟರ್‌ಗೆ 500 ಮಿಲಿಗ್ರಾಂ ಒಳಗಿದ್ದರೆ ಸರಿ. ಬೇರೆ ನೀರೇ ಇಲ್ಲದ ಕಡೆ 2000ದವರೆಗೆ ಒಪ್ಪುತ್ತಾರೆ, ಆದರೆ ಅಷ್ಟು ಲವಣದ ನೀರು ಬಾಯಿಗೆ ಹಿಡಿಸುವುದಿಲ್ಲ. ಒಂದು ಮಾತು ನೆನಪಿರಲಿ. ಮೀಟರ್ ತೋರಿಸುವುದು ಲವಣ ಮಾತ್ರ, ರೋಗಾಣು ಅಲ್ಲ. ಅಂಕಿ ಕಡಿಮೆ ಬಂತು ಅಂತ ನೀರು ಶುದ್ಧ ಅಂದುಕೊಳ್ಳಬೇಡಿ.

ಸಪ್ಪೆ ರುಚಿ. ಆರ್‌ಓ ಯಂತ್ರದ ನೀರು, ಕುದಿಸಿ ಆರಿಸಿದ ನೀರು ಎರಡೂ ಸಪ್ಪೆಯಾಗಿರುತ್ತವೆ. ಆರ್‌ಓ ನೀರಿನಲ್ಲಿ ಲವಣ ಕಡಿಮೆ. ಕುದಿಸಿದ ನೀರಿನಲ್ಲಿ ಕರಗಿದ ಗಾಳಿ ಹೋಗಿರುತ್ತದೆ.

## ಹಂತ 3. ಹಿಂದಿನ ಸಂಜೆ: ದೋಷಕ್ಕೆ ತಕ್ಕ ಮದ್ದು

ಕ್ಲೋರಿನ್ ವಾಸನೆಗೆ ಖರ್ಚಿಲ್ಲದ ದಾರಿ ಇದೆ. ನೀರನ್ನು ಅಗಲ ಬಾಯಿಯ ಪಾತ್ರೆಗೆ ಹಾಕಿ ಒಂದು ಕುದಿ ಬರಿಸಿ. ತಳದಿಂದ ಗುಳ್ಳೆ ಎದ್ದು ಒಂದು ನಿಮಿಷ ಚೆನ್ನಾಗಿ ಕುದಿದರೆ ಸಾಕು, ರೋಗಾಣುವೂ ಸಾಯುತ್ತದೆ, ಕ್ಲೋರಿನ್ನೂ ಹಾರಿಹೋಗುತ್ತದೆ. ತೆಳು ಬಟ್ಟೆ ಮುಚ್ಚಿ ಆರಲು ಬಿಡಿ. ಕ್ಲೋರಿನ್ ಹೋದ ಮೇಲೆ ಆ ನೀರಿಗೆ ಕಾವಲಿಲ್ಲ. ಕೈ ಅದ್ದಬೇಡಿ, ಎಂಜಲು ಲೋಟ ಮುಳುಗಿಸಬೇಡಿ, ಮಾರನೇ ದಿನವೇ ಕುಡಿದು ಮುಗಿಸಿ.

ಗಡಸು ನೀರು ಕುದಿಸಿದರೆ ಸ್ವಲ್ಪ ಸುಣ್ಣದ ಅಂಶ ತಳಕ್ಕೆ ಕೂರುತ್ತದೆ, ಆದರೆ ಉಪ್ಪು ರುಚಿ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಲವಣ ಹೆಚ್ಚಾಗುತ್ತದೆ. ಹಾಗಾಗಿ ಬೋರ್‌ವೆಲ್ ನೀರನ್ನು ಸರಿಮಾಡಲು ಹೆಣಗುವ ಬದಲು, ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತಂದುಬಿಡಿ. ಕ್ಯಾನ್ ಸ್ವಚ್ಛವಾಗಿದೆಯಾ ಅಂತ ಮೊದಲು ಒಳಗೆ ಮೂಸಿ ನೋಡಿ. ಘಟಕದ ನೀರು ಚೆನ್ನಾಗಿದ್ದು ಪಾಚಿ ಕಟ್ಟಿದ ಕ್ಯಾನ್‌ನಿಂದ ಕೆಟ್ಟರೆ ಏನು ಪ್ರಯೋಜನ?

ಸಪ್ಪೆ ನೀರಿಗೆ ಎರಡು ಉಪಾಯ. ಮೊದಲನೆಯದು, ಪೂರ್ತಿ ಆರಿದ ನೀರನ್ನು ಎರಡು ಶುಚಿ ಪಾತ್ರೆಗಳ ನಡುವೆ ಕಾಫಿ ಆರಿಸುವ ಹಾಗೆ ಎತ್ತರದಿಂದ ಎಂಟು ಹತ್ತು ಸಲ ಸುರಿಯಿರಿ. ಗಾಳಿ ಬೆರೆತು ನೀರಿಗೆ ಜೀವ ಬರುತ್ತದೆ. ಸುರಿಯದ ಒಂದು ಲೋಟ ಪಕ್ಕದಲ್ಲಿಟ್ಟು ಕುಡಿದು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಎರಡನೆಯದು, ಆರ್‌ಓ ನೀರಿಗೆ ಕುದಿಸಿ ಆರಿಸಿದ ಕಾವೇರಿ ನೀರನ್ನು ಅರ್ಧಕ್ಕರ್ಧ ಬೆರೆಸಿ. ನನ್ನ ಬಾಯಿಗೆ ಎಲ್ಲಕ್ಕಿಂತ ಹಿತವಾಗಿ ತೋರುವುದು ಈ ಬೆರಕೆ ನೀರೇ. ಹಸಿ ಬೋರ್‌ವೆಲ್ ನೀರನ್ನು ಮಾತ್ರ ಬೆರೆಸಬೇಡಿ.

ಮನೆಯಲ್ಲಿ ಮಣ್ಣಿನ ಹೂಜಿ ಇದ್ದರೆ ಈ ಸಿದ್ಧ ನೀರನ್ನು ರಾತ್ರಿ ಅದರಲ್ಲಿಡಿ. ಬೆಳಿಗ್ಗೆ ಆಗುವಷ್ಟರಲ್ಲಿ ತಣ್ಣಗಾಗಿ, ಮಣ್ಣಿನ ಸಣ್ಣ ಪರಿಮಳವೂ ಕೂಡಿರುತ್ತದೆ. ಫ್ರಿಜ್ ನೀರು ಗಂಟಲಿಗೆ ಆಗದ ಹಿರಿಯರಿಗೆ ಇದೇ ಸರಿ.

## ಹಂತ 4. ಹಿಂದಿನ ರಾತ್ರಿ: ತಂಪು ಕಟ್ಟಿಡಿ

ಬೆಚ್ಚಗಿನ ನೀರಿನಲ್ಲಿ ಪ್ರತಿ ದೋಷವೂ ನಾಲಿಗೆಗೆ ಎದ್ದು ಕಾಣುತ್ತದೆ. ತಂಪಿದ್ದರೆ ಅದೇ ನೀರು ಸರಾಗವಾಗಿ ಇಳಿಯುತ್ತದೆ. ಏಪ್ರಿಲ್‌ನಲ್ಲಿ ಮೈಸೂರಿನ ಮಧ್ಯಾಹ್ನ 35 ಡಿಗ್ರಿ ಆಸುಪಾಸಿನಲ್ಲಿರುವಾಗ ತಂಪು ಉಳಿಸಿಕೊಳ್ಳುವುದು ಅರ್ಧ ಕೆಲಸ.

ಐಸ್ ಮಾಡುವಾಗಲೇ ಬಹಳಷ್ಟು ಜನ ಎಡವುತ್ತಾರೆ. ನೀರನ್ನೇನೋ ಕುದಿಸಿ ಸರಿಮಾಡುತ್ತಾರೆ, ಐಸ್ ಮಾತ್ರ ನಲ್ಲಿ ನೀರಿನಲ್ಲಿ ಮಾಡುತ್ತಾರೆ. ಐಸ್ ಕರಗಿದಾಗ ಅದೇ ಹಳೆಯ ರುಚಿ, ಅದೇ ರೋಗಾಣು. ಸಿದ್ಧ ಮಾಡಿದ ನೀರಿನಲ್ಲೇ ಐಸ್ ಮಾಡಿ. ಟ್ರೇಗೆ ಮುಚ್ಚಳ ಹಾಕಿ, ಯಾಕೆಂದರೆ ಐಸ್ ಫ್ರಿಜ್‌ನ ವಾಸನೆಯನ್ನೆಲ್ಲ ಹೀರುತ್ತದೆ. ಬಿಡಿಸಿಟ್ಟ ಬೆಳ್ಳುಳ್ಳಿ, ಮಲ್ಲಿಗೆ ದಂಡೆ, ನಿನ್ನೆಯ ಸಾರು ಎಲ್ಲವೂ ನಿಮ್ಮ ನೀರಿಗೆ ಬರುತ್ತದೆ.

ಎರಡು ಪದರದ ಬಾಟಲ್‌ಗೆ ಬೆಳಿಗ್ಗೆ ನೀರು ತುಂಬುವ ಮೊದಲು, ಫ್ರಿಜ್‌ನ ತಣ್ಣೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ. ಒಳಗೋಡೆ ತಣ್ಣಗಾದ ಮೇಲೆ ಐಸ್ ಮತ್ತು ನೀರು ತುಂಬಿ. ಈ ಬಾಟಲನ್ನು ಫ್ರೀಜರ್‌ನಲ್ಲಿ ಇಡಬೇಡಿ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಒಳಪದರ ಉಬ್ಬಿ ತಂಪು ಹಿಡಿಯುವ ಗುಣವೇ ಹೋಗುತ್ತದೆ.

## ಹಂತ 5. ಪರಿಮಳ: ಒಂದೇ ಬಾಟಲ್‌ಗೆ, ಹಗುರವಾಗಿ

ಎಲ್ಲ ಬಾಟಲ್‌ಗೂ ಪರಿಮಳ ಹಾಕಬೇಡಿ. ಮಾತ್ರೆ ನುಂಗಲು, ಕಣ್ಣಿಗೆ ಬಿದ್ದ ಧೂಳು ತೊಳೆಯಲು ಬರೀ ನೀರೇ ಬೇಕು. ಒಂದು ಬಾಟಲ್ ಮಾತ್ರ ಪರಿಮಳದ್ದಿರಲಿ.

ನನ್ನ ಮೊದಲ ಆಯ್ಕೆ ಲಾವಂಚ. ಒಂದು ಹಿಡಿ ಬೇರನ್ನು ಮಣ್ಣು ಹೋಗುವವರೆಗೆ ತೊಳೆದು, ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಕುದಿಸಿದ ಎರಡು ಲೀಟರ್ ನೀರಿನಲ್ಲಿ ರಾತ್ರಿ ಇಳಿಬಿಡಿ. ಬೆಳಿಗ್ಗೆ ಬೇರು ತೆಗೆದು ಸೋಸಿ. ತಣ್ಣಗಿನ ಪರಿಮಳ, ಸಿಹಿಯಿಲ್ಲ, ಬಿಸಿಲಿಗೆ ಕೆಡುವ ಹಣ್ಣಿನ ಚೂರೂ ಇಲ್ಲ. ಜೀರಿಗೆ ನೀರೂ ಒಳ್ಳೆಯದು. ಒಂದು ಲೀಟರ್‌ಗೆ ಅರ್ಧ ಚಮಚ ಜೀರಿಗೆ ಹಾಕಿ ಕುದಿಸಿ ಸೋಸಿದರೆ ಮುಗಿಯಿತು.

ನಿಂಬೆ ಹಾಕುವವರು ಹೋಳು ಮಾಡಿ ರಾತ್ರಿಯೇ ಬಾಟಲ್‌ಗೆ ಹಾಕುತ್ತಾರೆ. ಬೆಳಿಗ್ಗೆ ಹೊತ್ತಿಗೆ ಸಿಪ್ಪೆಯ ಕಹಿ ಇಳಿದಿರುತ್ತದೆ, ಮಕ್ಕಳು ಒಂದು ಗುಟುಕಿಗೇ ಮುಖ ಕಿವುಚುತ್ತಾರೆ. ಹೊರಡುವ ಮುಂಚೆ ಒಂದು ಲೀಟರ್‌ಗೆ ಅರ್ಧ ನಿಂಬೆಯ ರಸ ಮಾತ್ರ ಹಿಂಡಿ, ಬೀಜ ತೆಗೆಯಿರಿ. ನಿಂಬೆಯ ಸಿ ವಿಟಮಿನ್ ಉಳಿದ ಕ್ಲೋರಿನ್ ವಾಸನೆಯನ್ನೂ ಕೊಲ್ಲುತ್ತದೆ. ಆದರೆ ಅಶುದ್ಧ ನೀರನ್ನು ನಿಂಬೆ ಶುದ್ಧ ಮಾಡುವುದಿಲ್ಲ. ಪುದೀನ ಹಾಕಿದರೆ ಜಜ್ಜಬೇಡಿ, ಕಡ್ಡಿ ಸಮೇತ ಇಳಿಬಿಟ್ಟು ಒಂದೆರಡು ಗಂಟೆಯಲ್ಲಿ ತೆಗೆಯಿರಿ. ಸೌತೆಕಾಯಿ, ಕಲ್ಲಂಗಡಿ ಚೂರು ಹಾಕಿದ ನೀರು ಬಿಸಿಲಲ್ಲಿ ಬೇಗ ಹಳಸುತ್ತದೆ. ಪಾರ್ಕ್‌ಗೆ ಅದು ಬೇಡವೇ ಬೇಡ.

ಪಾನಕ, ಮಜ್ಜಿಗೆ ಒಯ್ಯುವುದಾದರೆ ತಂಪು ಬಾಟಲ್‌ನಲ್ಲಿ ಒಯ್ದು ಮಧ್ಯಾಹ್ನದೊಳಗೆ ಖಾಲಿ ಮಾಡಿ.

## ಹಂತ 6. ಹೊರಡುವ ಬೆಳಿಗ್ಗೆ

ಗೇಟ್ ತಲುಪುವ ಮುಂಚೆಯೇ ಮೈಯಲ್ಲಿ ನೀರಿರಬೇಕು. ಎದ್ದ ಕೂಡಲೇ ದೊಡ್ಡವರು ಎರಡು ಲೋಟ, ಮಕ್ಕಳು ಒಂದು ಲೋಟ ನೀರು ಕುಡಿಯಲಿ. ಕಾಫಿ ಬಿಡಬೇಕಾಗಿಲ್ಲ, ಒಂದು ಲೋಟ ಕಾಫಿಯಿಂದ ಮೈ ಒಣಗುವುದಿಲ್ಲ. ಆದರೆ ಬರೀ ಕಾಫಿ ಕುಡಿದು ಬಸ್ ಹತ್ತಬೇಡಿ.

ಬಿಡದಿಗೆ ಹೋಗುವವರು ಬಾಟಲ್‌ಗಳನ್ನು ಮನೆಯಲ್ಲೇ ತುಂಬಿಸಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಈಗ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ಎಲ್ಲವನ್ನೂ ಬೈಪಾಸ್ ಮಾಡಿ ಹೋಗುತ್ತದೆ. ಮೊದಲಿನ ಹಾಗೆ ಪಕ್ಕಕ್ಕೆ ನಿಲ್ಲಿಸಿ ಎಳನೀರು ಕುಡಿಯಲು ಆಗುವುದಿಲ್ಲ. ಮದ್ದೂರಿನ ಎಳನೀರು ಬೇಕೇ ಬೇಕು ಅಂದರೆ ಹಳೆಯ ರಸ್ತೆಗೆ ಇಳಿಯಬೇಕು. ಬಿಡುವಿದ್ದರೆ ಇಳಿಯಿರಿ, ಮದ್ದೂರಿನ ಎಳನೀರಿಗಾಗಿ ಅಷ್ಟು ಸುತ್ತಿದರೂ ನಷ್ಟವಿಲ್ಲ.

ಕಾರಿನ ಡಿಕ್ಕಿಯಲ್ಲಿ, ಹಿಂದಿನ ಗಾಜಿನ ಕೆಳಗೆ ಪ್ಲಾಸ್ಟಿಕ್ ಬಾಟಲ್ ಬಿಸಿಲಿಗೆ ಬಿಡಬೇಡಿ. ಪ್ಲಾಸ್ಟಿಕ್ ವಾಸನೆ ನೀರಿಗಿಳಿಯುವುದು ಅಲ್ಲೇ.

## ಹಂತ 7. ಪಾರ್ಕ್‌ನ ನಿಯಮ: ಮೊದಲೇ ಕೇಳಬೇಕಾದ ಪ್ರಶ್ನೆಗಳು

ಹೊರಗಿನ ನೀರು, ಪಾನೀಯದ ಬಗ್ಗೆ ಒಂದೊಂದು ಪಾರ್ಕ್‌ಗೆ ಒಂದೊಂದು ನಿಯಮ, ಅವು ಬದಲಾಗುತ್ತಲೂ ಇರುತ್ತವೆ. ಹೊರಡುವ ಹಿಂದಿನ ದಿನ ಫೋನ್ ಮಾಡಿ ಕೇಳಿ. ಸ್ಟೀಲ್ ಬಾಟಲ್‌ನಲ್ಲಿ ನೀರು ಬಿಡುತ್ತೀರಾ? ಒಳಗೆ ಕುಡಿಯುವ ನೀರಿನ ನಲ್ಲಿ ಎಲ್ಲೆಲ್ಲಿದೆ? ಪುಟ್ಟ ಮಗುವಿನ ಆಹಾರ, ಸಕ್ಕರೆ ಕಾಯಿಲೆಯವರ ತಿಂಡಿ ಬಿಡುತ್ತೀರಾ? ನೀರು ಬಿಡುವುದಿಲ್ಲ ಅಂದರೂ ಖಾಲಿ ಬಾಟಲ್ ಒಯ್ಯಬಹುದಾ ಅಂತ ಕೇಳಿ.

ಒಳಗೆ ಹೋದ ಕೂಡಲೇ ಮೊದಲ ರೈಡ್‌ಗೆ ಓಡಬೇಡಿ. ನೀರಿನ ನಲ್ಲಿ, ಶೌಚಾಲಯ, ನೆರಳಿನ ಬೆಂಚು ಈ ಮೂರನ್ನು ನೋಡಿಕೊಂಡು ಬನ್ನಿ. ಐದು ನಿಮಿಷದ ಕೆಲಸ. ಬಾಟಲ್‌ಗಳನ್ನೆಲ್ಲ ಲಾಕರ್‌ಗೆ ಹಾಕಬೇಡಿ. ಒಂದು ಬಾಟಲ್ ಯಾವಾಗಲೂ ಹೊರಗೆ, ರೈಡ್ ಹತ್ತದವರ ಕೈಯಲ್ಲಿರಲಿ. ಒಂದು ಲೀಟರ್ ಅಂದರೆ ಒಂದು ಕಿಲೋ ತೂಕ. ಎಲ್ಲವನ್ನೂ ಅಮ್ಮನ ಹೆಗಲಿಗೆ ಹೇರಬೇಡಿ, ದೊಡ್ಡ ಮಕ್ಕಳು ಅವರವರ ಬಾಟಲ್ ಹೊರಲಿ.

## ಹಂತ 8. ಒಳಗೆ: ಬಾಯಾರಿಕೆಗೆ ಕಾಯದೆ ಕುಡಿಯಿರಿ

ಬಾಯಾರಿಕೆ ಆಗುವ ಹೊತ್ತಿಗೆ ಮೈ ಆಗಲೇ ಸ್ವಲ್ಪ ಒಣಗಿರುತ್ತದೆ. ಬಿಸಿಲಲ್ಲಿ ಬೆವರುತ್ತಾ ಓಡಾಡುವಾಗ ದೊಡ್ಡವರು 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 200 ಮಿ.ಲೀ. ಕುಡಿಯಬೇಕು. ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಆಟದ ನಡುವೆ 20 ನಿಮಿಷಕ್ಕೊಮ್ಮೆ 100ರಿಂದ 250 ಮಿ.ಲೀ. ಅದಕ್ಕಿಂತ ಚಿಕ್ಕವರಿಗೆ ನಾಲ್ಕೈದು ಗುಟುಕು, ಆದರೆ ಪದೇ ಪದೇ. ನೆರಳಲ್ಲಿ ಕೂತಿರುವಾಗ ಇಷ್ಟು ಬೇಡ.

ಗಡಿಯಾರ ನೋಡುವುದು ಪಾರ್ಕ್‌ನಲ್ಲಿ ಯಾರಿಂದಲೂ ಆಗುವುದಿಲ್ಲ. ಅದಕ್ಕೆ ನೀರು ಕುಡಿಯುವುದನ್ನು ಕ್ಯೂಗೆ ಕಟ್ಟಿಹಾಕಿ. ಕ್ಯೂನಲ್ಲಿ ನಿಂತ ಕೂಡಲೇ ಬಾಟಲ್ ಕೈಯಿಂದ ಕೈಗೆ ಹೋಗಲಿ. ರೈಡ್ ಇಳಿದ ಮೇಲೆ ಇನ್ನೊಂದು ಸುತ್ತು. ಹತ್ತುವ ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬ ಕುಡಿಯಬೇಡಿ, ಗಿರಗಿರನೆ ತಿರುಗುವ ರೈಡ್‌ನಲ್ಲಿ ಎಲ್ಲ ಹೊರಗೆ ಬರುತ್ತದೆ. ಮಜ್ಜಿಗೆಯಂತೂ ರೈಡ್ ಮುಂಚೆ ಬೇಡ.

ನೀರಾಟದ ಕಡೆ ಮೋಸ ಜಾಸ್ತಿ. ವೇವ್ ಪೂಲ್‌ನಲ್ಲಿ ಮೈ ತಣ್ಣಗಿರುವುದರಿಂದ ಬೆವರಿದ್ದು ಗೊತ್ತಾಗುವುದಿಲ್ಲ. ಸುತ್ತ ನೀರಿದೆ, ಒಳಗೆ ನೀರಿಲ್ಲ. ಅರ್ಧ ಗಂಟೆಗೊಮ್ಮೆ ಮಕ್ಕಳನ್ನು ದಡಕ್ಕೆ ಕರೆಯಿರಿ. ಕೊಳದ ಕ್ಲೋರಿನ್ ನೀರು ಬಾಯಲ್ಲಿರುವಾಗ ಎಂಥ ಒಳ್ಳೆಯ ನೀರೂ ಕೆಟ್ಟ ರುಚಿ ಕೊಡುತ್ತದೆ. ಹಾಗಾಗಿ ಮೊದಲು ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ ಉಗುಳಲಿ, ಆಮೇಲೆ ಕುಡಿಯಲಿ. ಬಾಟಲ್ ನೀರು ಚೆನ್ನಾಗಿಲ್ಲ ಅಂತ ಮಗು ದೂರುವುದು ಎಷ್ಟೋ ಸಲ ಇದೇ ಕಾರಣಕ್ಕೆ.

ಇನ್ನೊಂದು ವಿಷಯವನ್ನು ಮನೆಗಳಲ್ಲಿ ಬಾಯಿ ಬಿಟ್ಟು ಹೇಳುವುದಿಲ್ಲ. ಹೆಂಗಸರು, ಹೆಣ್ಣುಮಕ್ಕಳು ಪಾರ್ಕ್‌ನಲ್ಲಿ ಬೇಕಂತಲೇ ನೀರು ಕುಡಿಯುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಶೌಚಾಲಯಕ್ಕೆ ಹೋಗುವುದು ಕಷ್ಟ, ಕ್ಯೂ ಉದ್ದ, ಬ್ಯಾಗ್ ಯಾರ ಕೈಗೆ ಕೊಡುವುದು ಅನ್ನುವ ಚಿಂತೆ. ಅವರಿಗೆ ಕುಡಿ ಕುಡಿ ಅಂದರೆ ಕೆಲಸ ಆಗುವುದಿಲ್ಲ, ದಾರಿ ಮಾಡಿಕೊಡಬೇಕು. ಎರಡು ಗಂಟೆಗೊಮ್ಮೆ ಎಲ್ಲರೂ ಒಟ್ಟಿಗೆ ಶೌಚಾಲಯದ ಹತ್ತಿರ ನಿಲ್ಲುವುದು ಅಂತ ಬೆಳಿಗ್ಗೆಯೇ ಮಾತಾಡಿಕೊಳ್ಳಿ. ಗಂಡಸರು ಬ್ಯಾಗ್, ಮಗು ಹಿಡಿದು ಹೊರಗೆ ನಿಲ್ಲಲಿ. ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ. ಮೂತ್ರ ಕಟ್ಟಿಕೊಂಡು, ನೀರೂ ಕುಡಿಯದೆ ದಿನ ಕಳೆದರೆ ಉರಿಮೂತ್ರದ ತೊಂದರೆ ಬರುವ ಸಾಧ್ಯತೆ ಹೆಚ್ಚು.

ಆರು ತಿಂಗಳೊಳಗಿನ ಕೂಸಿಗೆ ನೀರು ಬೇಡ, ಎದೆಹಾಲನ್ನೇ ಪದೇ ಪದೇ ಕೊಡಿ. ಆಗ ತಾಯಿ ಜಾಸ್ತಿ ಕುಡಿಯಬೇಕು. ಹೃದಯ, ಕಿಡ್ನಿ ತೊಂದರೆ ಇರುವವರು ಡಾಕ್ಟರ್ ಹೇಳಿದ ಅಳತೆ ಮೀರಬಾರದು.

## ಹಂತ 9. ಬಾಟಲ್ ಮತ್ತೆ ತುಂಬಿಸುವಾಗ

ಒಳಗಿನ ನಲ್ಲಿಯಿಂದ ತುಂಬಿಸುವ ಮುಂಚೆ ಸ್ವಲ್ಪ ನೀರು ಹರಿಯಬಿಡಿ, ಬಿಸಿಲಿಗೆ ಪೈಪ್‌ನಲ್ಲಿ ಕಾದ ನೀರು ಹೋಗಲಿ. ಬಾಟಲ್‌ನ ಬಾಯಿ ನಲ್ಲಿಗೆ ತಾಗಿಸಬೇಡಿ. ಐಸ್ ಪೂರ್ತಿ ಕರಗುವ ಮುಂಚೆಯೇ ತುಂಬಿಸಿದರೆ ಹೊಸ ನೀರೂ ತಣ್ಣಗಾಗುತ್ತದೆ. ಖಾಲಿಯಾಗುವವರೆಗೆ ಕಾದರೆ ತಂಪು ಹೋಯಿತು.

ಬಾಟಲ್ ನೀರು ಕೊಳ್ಳುವುದಾದರೆ ಮುಚ್ಚಳದ ಸೀಲ್, ತಯಾರಾದ ದಿನಾಂಕ, ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ ಪರವಾನಗಿಯ 14 ಅಂಕಿ ನೋಡಿ. ಅಂಗಡಿ ಮುಂದೆ ಬಿಸಿಲಲ್ಲಿ ಪೇರಿಸಿಟ್ಟ ಬಾಟಲ್ ಬೇಡ, ಒಳಗಿನದನ್ನು ಕೇಳಿ ತೆಗೆದುಕೊಳ್ಳಿ. ಕಬ್ಬಿನ ಹಾಲು ಮಂಡ್ಯದವರಿಗೆ ಹೇಳಿಕೊಡಬೇಕಾದ್ದಲ್ಲ, ಆದರೆ ಯಾವ ನೀರಿನ ಐಸ್ ಅಂತ ಗೊತ್ತಿಲ್ಲದ ಕಡೆ "ಐಸ್ ಬೇಡ" ಅಂತ ಹೇಳಿ. ಸಕ್ಕರೆ ಕಾಯಿಲೆ ಇರುವವರು ಕಬ್ಬಿನ ಹಾಲನ್ನು ನೀರಿನ ಬದಲಿಗೆ ಕುಡಿಯಬಾರದು.

## ಹಂತ 10. ಉಪ್ಪನ್ನೂ ವಾಪಸ್ ಕೊಡಿ

ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರು ಕುಡಿದು ಏನೂ ತಿನ್ನದಿದ್ದರೆ ಸಂಜೆ ಕಾಲು ಸೆಳೆತ ಬರಬಹುದು. ಮಧ್ಯಾಹ್ನ ಊಟ ಬಿಡಬೇಡಿ. ನೀರುಮಜ್ಜಿಗೆಗೆ ಚಿಟಿಕೆ ಉಪ್ಪು, ಕೋಸಂಬರಿ, ಉಪ್ಪು ಹಾಕಿದ ಕಡಲೆಕಾಯಿ ಬೀಜ, ಇಷ್ಟಿದ್ದರೆ ಸಾಧಾರಣ ದಿನಕ್ಕೆ ಸಾಕು.

ಎಳನೀರು ಒಳ್ಳೆಯದೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಹಾಗಾಗಿ ಎಳನೀರಿನ ಜೊತೆ ಏನಾದರೂ ಉಪ್ಪಿನ ತಿಂಡಿ ಇರಲಿ. ಕಿಡ್ನಿ ತೊಂದರೆಯವರು ಡಾಕ್ಟರನ್ನು ಕೇಳದೆ ಎಳನೀರು ಕುಡಿಯಬಾರದು.

ವಾಂತಿ, ಭೇದಿ, ವಿಪರೀತ ಬೆವರು ಆದಾಗ ಓಆರ್‌ಎಸ್ ಕೊಡಿ. ಪ್ಯಾಕೆಟ್ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿರುವುದನ್ನೇ ಕೊಳ್ಳಿ. ಹೆಸರಲ್ಲಿ ಓಆರ್‌ಎಸ್ ಅಂತಿದ್ದ ಸಿಹಿ ಪಾನೀಯಗಳು ಆ ಪದ ಬಳಸಬಾರದು ಅಂತ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿತು. 20.5 ಗ್ರಾಂನ ಒಂದು ಪ್ಯಾಕೆಟ್ ಪೂರ್ತಿ, ಒಂದು ಲೀಟರ್ ನೀರಿಗೆ. ಅರ್ಧ ಪುಡಿಯನ್ನು ಅಂದಾಜಿನಲ್ಲಿ ಒಂದು ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟ ಮಾಡಿದ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಬೆರೆಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದರೆ ಚೆಲ್ಲಿ.

## ಹಂತ 11. ಈ ಲಕ್ಷಣ ಕಂಡರೆ ಆಟ ನಿಲ್ಲಿಸಿ

ಮೂತ್ರದ ಬಣ್ಣ ಎಲ್ಲಕ್ಕಿಂತ ನಿಜ ಹೇಳುತ್ತದೆ. ತಿಳಿ ಹಳದಿ ಇದ್ದರೆ ಸರಿ. ಗಾಢ ಹಳದಿಯಾದರೆ ಕೂತು ಕುಡಿಯಿರಿ. ಮಗು ಆರು ಗಂಟೆಯಿಂದ ಮೂತ್ರಕ್ಕೇ ಹೋಗಿಲ್ಲ, ಅಳುವಾಗ ಕಣ್ಣೀರಿಲ್ಲ, ತುಟಿ ಒಣಗಿದೆ ಅಂದರೆ ತಡಮಾಡಬೇಡಿ. ಸುಮ್ನೆ ಹಠ ಮಾಡುತ್ತಿದೆ ಅಂತ ಗದರುವ ಮುಂಚೆ ನೀರು ಕೊಟ್ಟು ನೋಡಿ.

ತಲೆಸುತ್ತು, ತಲೆನೋವು, ವಾಕರಿಕೆ, ಮಾಂಸಖಂಡ ಹಿಡಿದುಕೊಳ್ಳುವುದು, ವಿಪರೀತ ಬೆವರು, ಇವು ಬಿಸಿಲಿನ ಬಳಲಿಕೆಯ ಗುರುತು. ನೆರಳಿಗೆ ಕರೆದೊಯ್ದು, ಬಟ್ಟೆ ಸಡಿಲ ಮಾಡಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ಗಾಳಿ ಬೀಸಿ. ಗುಟುಕು ಗುಟುಕಾಗಿ ಕುಡಿಸಿ. ಒಂದು ಗಂಟೆಯಾದರೂ ಸುಧಾರಿಸದಿದ್ದರೆ ಆಸ್ಪತ್ರೆಗೆ ಹೋಗಿ.

ಮಾತು ತೊದಲಿದರೆ, ಗೊಂದಲವಾದರೆ, ಪ್ರಜ್ಞೆ ತಪ್ಪಿದರೆ, ಮೈ ಕೆಂಡದಂತೆ ಸುಟ್ಟರೆ ಅದು ಬಿಸಿಲಾಘಾತ. ಮೈಶಾಖ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ಜೀವಕ್ಕೆ ಅಪಾಯ. ತಕ್ಷಣ 108ಕ್ಕೆ ಕರೆ ಮಾಡಿ, ಪಾರ್ಕ್‌ನ ಪ್ರಥಮ ಚಿಕಿತ್ಸೆಯವರನ್ನು ಕೂಗಿ, ಮೈಮೇಲೆ ತಣ್ಣೀರು ಸುರಿಯುತ್ತಲೇ ಇರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ.

ಅತಿಯಾಗಿ ಕುಡಿಯುವುದೂ ಅಪಾಯವೇ. ಗಂಟೆಗೆ ಒಂದೂವರೆ ಲೀಟರ್ ಮುಟ್ಟಬೇಡಿ. ಬಹಳ ಕುಡಿದು, ಮೂತ್ರ ನೀರಿನ ಹಾಗೆ ತಿಳಿಯಾಗಿದ್ದೂ ತಲೆನೋವು, ವಾಕರಿಕೆ, ಬೆರಳು ಊತ ಕಂಡರೆ ನೀರು ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ರಕ್ತದಲ್ಲಿ ಸೋಡಿಯಂ ತಗ್ಗಿರಬಹುದು.

## ಹಂತ 12. ವಾಪಸ್ ಬಂದ ಮೇಲೆ, ಮಾರನೇ ದಿನಕ್ಕೆ

ದಾರಿಯಲ್ಲಿ ಮಕ್ಕಳು ನಿದ್ದೆಗೆ ಜಾರುವ ಮುಂಚೆ ಒಂದು ಲೋಟ ಕುಡಿಸಿ. ರಾತ್ರಿಗೆ ತಿಳಿಸಾರು ಅನ್ನ, ಮಜ್ಜಿಗೆ ಸಾಕು. ಮಲಗುವಾಗ ಒಮ್ಮೆಲೇ ಒಂದು ಲೀಟರ್ ಕುಡಿದು ಸರಿಮಾಡಲು ಹೋಗಬೇಡಿ, ಊಟದಿಂದ ಮಲಗುವವರೆಗೆ ಹಂಚಿಕೊಂಡು ಕುಡಿಯಿರಿ. ಬಾಟಲ್‌ಗಳನ್ನು ಅವತ್ತೇ ತೊಳೆದು ಮುಚ್ಚಳ ಬಿಚ್ಚಿಡಿ. ನಿಂಬೆ ಹಾಕಿದ ಬಾಟಲನ್ನು ಮೊದಲು ತೊಳೆಯಿರಿ.

ಮಾರನೇ ದಿನ ಮೃಗಾಲಯ, ಅರಮನೆ ಅಂತ ಯೋಜನೆ ಇದ್ದರೆ ಇದೇ ಕ್ರಮ ನಡೆಯುತ್ತದೆ, ನಡಿಗೆ ಮಾತ್ರ ಜಾಸ್ತಿ. ಮೃಗಾಲಯಕ್ಕೆ ಮಂಗಳವಾರ ರಜೆ. ಪ್ಲಾಸ್ಟಿಕ್ ಬಾಟಲ್‌ಗೆ ಅಲ್ಲಿ ಕಡಿವಾಣ ಇರುವುದರಿಂದ ನಿಮ್ಮ ಸ್ಟೀಲ್ ಬಾಟಲ್ ಅಲ್ಲೂ ಉಪಯೋಗಕ್ಕೆ ಬರುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು ಬೆಳಿಗ್ಗೆ ಏಳರೊಳಗೆ ಶುರುಮಾಡಿ. ಒಬ್ಬೊಬ್ಬರಿಗೆ ಕನಿಷ್ಠ ಅರ್ಧ ಲೀಟರ್ ಹತ್ತಲು, ಇನ್ನರ್ಧ ಇಳಿಯಲು.